ಔಷಧಿ ಹೊಡೆಯುವ ಮೊದಲು ತಿಗಣೆಯನ್ನು ಗುರುತು ಹಿಡಿಯಿರಿ

ನಾನು ಕೀಟ ನಿಯಂತ್ರಣದ ಕೆಲಸ ಮಾಡುವವನು. ನನಗೆ ಬರುವ ಫೋನ್‌ಗಳಲ್ಲಿ ಜಾಸ್ತಿ ಇರುವುದು ಇದೇ ಮಾತು: "ಮೈಯೆಲ್ಲ ದದ್ದು ಎದ್ದಿದೆ, ತಿಗಣೆನೇ ಇರಬೇಕು, ಬಂದು ಔಷಧಿ ಹೊಡೆದುಬಿಡಿ." ನಾನು ಮೊದಲು ಕೇಳುವುದು, ಹುಳ ಕಣ್ಣಿಗೆ ಬಿತ್ತಾ ಎಂದು. ಕಚ್ಚಿದ ಗುರುತು ನೋಡಿ ತಿಗಣೆ ಎಂದು ಹೇಳಲು ಆಗುವುದಿಲ್ಲ. ಸೊಳ್ಳೆ, ಚಿಗಟ, ಅಲರ್ಜಿ ಎಲ್ಲದಕ್ಕೂ ಹೆಚ್ಚುಕಡಿಮೆ ಅಂಥದ್ದೇ ದದ್ದು ಬರುತ್ತದೆ. ಒಂದೇ ಮಂಚದಲ್ಲಿ ಮಲಗಿದ ಇಬ್ಬರಲ್ಲಿ ಒಬ್ಬರಿಗೆ ಕೆಂಪಗೆ ಊದಿಕೊಂಡರೆ ಇನ್ನೊಬ್ಬರಿಗೆ ಏನೂ ಆಗದೇ ಇರಬಹುದು. ಕೆಲವರಿಗೆ ಕಚ್ಚಿದ ಎಷ್ಟೋ ದಿನದ ಮೇಲೆ ತುರಿಕೆ ಶುರುವಾಗುತ್ತದೆ. ಅದಕ್ಕೇ ಮೈ ನೋಡುವುದು ಬಿಟ್ಟು ಮಂಚ ನೋಡಿ ಅನ್ನುತ್ತೇನೆ.

ಬೆಳೆದ ತಿಗಣೆ ಸುಮಾರು 5 ಮಿ.ಮೀ. ಉದ್ದ ಇರುತ್ತದೆ, ಸೇಬಿನ ಬೀಜದಷ್ಟು. ಬರಿಗಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ. ಹಸಿದಾಗ ಕಂದು ಬಣ್ಣ, ಮೊಟ್ಟೆಯಾಕಾರ, ಮೈ ಪೂರ್ತಿ ಚಪ್ಪಟೆ. ಸ್ಕ್ರೂ ತೂತಿನೊಳಗೆ, ಮರದ ಬಿರುಕಿನೊಳಗೆ ಹೋಗಿ ಕೂರಲು ಈ ಚಪ್ಪಟೆ ಮೈಯೇ ಕಾರಣ. ರಕ್ತ ಕುಡಿದ ಮೇಲೆ ಅದೇ ಹುಳ ಬೇರೆಯದೇ ಅನ್ನುವಂತೆ ಬದಲಾಗುತ್ತದೆ. ಹೊಟ್ಟೆ ಊದಿ, ಉದ್ದಕ್ಕೆ ಚಾಚಿ, ಕಡುಕೆಂಪಾಗುತ್ತದೆ. ಮನೆಯಲ್ಲಿ ಎರಡು ಜಾತಿ ಹುಳ ಇದೆ ಎಂದು ಜನ ಹೇಳುವುದು ಬಹಳ ಸಲ ಇದನ್ನು ನೋಡಿಯೇ.

ಒಂದನ್ನು ಪಾರದರ್ಶಕ ಟೇಪಿಗೆ ಅಂಟಿಸಿ, ಬಿಳಿ ಕಾಗದದ ಮೇಲಿಟ್ಟು ಭೂತಕನ್ನಡಿಯಲ್ಲಿ ನೋಡಿ. ಆರು ಕಾಲು. ನಾಲ್ಕು ಗೆಣ್ಣಿನ ಎರಡು ಗಿಡ್ಡ ಮೀಸೆ. ಹೊಟ್ಟೆಯ ಮೇಲೆ ಅಡ್ಡಡ್ಡ ಗೆರೆ, ಅದರ ಮೇಲೆ ಸಣ್ಣ ಸಣ್ಣ ಕೂದಲು. ರೆಕ್ಕೆ ಇರಬೇಕಾದ ಜಾಗದಲ್ಲಿ ಎರಡು ಪುಟ್ಟ ತುಂಡು ಮಾತ್ರ ಉಳಿದಿವೆ, ಆದ್ದರಿಂದ ಇದು ಹಾರುವುದಿಲ್ಲ. ಚಿಗಟದ ಹಾಗೆ ನೆಗೆಯುವುದೂ ಇಲ್ಲ. ಹುಳವನ್ನು ಅಂಗಾತ ಮಾಡಿದರೆ ತಲೆಯ ಕೆಳಗೆ ಹಿಂದಕ್ಕೆ ಮಡಚಿಟ್ಟ ಸೂಜಿಬಾಯಿ ಕಾಣುತ್ತದೆ. ಕಚ್ಚುವಾಗ ಅದನ್ನು ಮುಂದಕ್ಕೆ ಚಾಚುತ್ತದೆ. ಒಳಗೆ ಎರಡು ದಾರಿ ಇವೆ. ಒಂದರಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಜೊಲ್ಲು ಇಳಿಯುತ್ತದೆ, ಇನ್ನೊಂದರಲ್ಲಿ ರಕ್ತ ಮೇಲೇರುತ್ತದೆ. ಐದು ಹತ್ತು ನಿಮಿಷದಲ್ಲಿ ಹೊಟ್ಟೆ ತುಂಬಿಸಿಕೊಂಡು ವಾಪಸ್ ಸಂದಿಗೆ ಹೋಗುತ್ತದೆ.

ಮರಿಗಳನ್ನು ಹುಡುಕುವುದೇ ಕಷ್ಟದ ಕೆಲಸ. ಮೊಟ್ಟೆಯಿಂದ ಹೊರಬಂದ ಮರಿ 1.5 ಮಿ.ಮೀ. ಇರುತ್ತದೆ, ಬಣ್ಣವೇ ಇಲ್ಲದಷ್ಟು ತೆಳು ಹಳದಿ. ಬಿಳಿ ಬೆಡ್‌ಶೀಟ್ ಮೇಲೆ ಕಣ್ಣಿಗೇ ಬೀಳುವುದಿಲ್ಲ. ರಕ್ತ ಕುಡಿದ ಮೇಲೆ ಹೊಟ್ಟೆಯೊಳಗಿನ ಕೆಂಪು ಹೊರಗೆ ಕಂಡಾಗಲೇ ಗೊತ್ತಾಗುವುದು. ದೊಡ್ಡದಾಗಲು ಐದು ಸಲ ಪೊರೆ ಕಳಚಬೇಕು, ಪ್ರತಿ ಸಲವೂ ಮೊದಲು ರಕ್ತ ಕುಡಿಯಲೇಬೇಕು. ಆ ಪೊರೆಗಳು ಹುಳದ ಆಕಾರದಲ್ಲೇ, ಒಳಗೆ ಟೊಳ್ಳಾಗಿ, ತೆಳು ಕಂದು ಬಣ್ಣದಲ್ಲಿ ಸಂದಿಯಲ್ಲಿ ಬಿದ್ದಿರುತ್ತವೆ. ಬೇರೆ ಬೇರೆ ಅಳತೆಯ ಪೊರೆ ಸಿಕ್ಕರೆ ತಿಗಣೆ ಅಲ್ಲಿ ಸಂಸಾರ ಹೂಡಿ ಕೆಲವು ವಾರಗಳೇ ಆಗಿವೆ ಎಂದು ತಿಳಿಯಿರಿ. ಮೊಟ್ಟೆ 1 ಮಿ.ಮೀ. ಉದ್ದ, ಮುತ್ತಿನ ಬಿಳುಪು. ಮರಕ್ಕೋ ಬಟ್ಟೆಗೋ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಸುಮ್ನೆ ಕೊಡವಿದರೆ ಉದುರುವುದಿಲ್ಲ.

ಈಗ ಹುಡುಕುವ ರೀತಿ. ಒಂದು ಟಾರ್ಚ್, ಒಂದು ಹಳೆಯ ಎಟಿಎಂ ಕಾರ್ಡ್, ಒದ್ದೆ ಮಾಡಿದ ಬಿಳಿ ಬಟ್ಟೆ ಸಾಕು. ತಿಗಣೆ ನಮ್ಮ ಉಸಿರಿನ ಇಂಗಾಲದ ಡೈಆಕ್ಸೈಡ್ ಮತ್ತು ಮೈಯ ಬಿಸಿ ಹಿಡಿದು ಬರುತ್ತದೆ, ಆದ್ದರಿಂದ ಮಲಗುವ ಜಾಗದ ಹತ್ತಿರವೇ ಮನೆ ಮಾಡುತ್ತದೆ. ಮೊದಲು ತಲೆ ಇಡುವ ಕಡೆ. ಹಾಸಿಗೆಯ ಹೊಲಿಗೆ ಅಂಚನ್ನು ಬೆರಳಿನಿಂದ ಬಿಡಿಸಿ ಇಂಚಿಂಚೂ ನೋಡಿ. ಆಮೇಲೆ ಮಂಚದ ತಲೆಹಲಗೆಯ ಹಿಂಭಾಗ, ಪಟ್ಟಿಗಳ ಕೂಡುಜಾಗ, ಸ್ಕ್ರೂ ತೂತು. ಸಂದಿಯಲ್ಲಿ ಕಾರ್ಡ್ ತೂರಿಸಿ ಎಳೆದರೆ ಒಳಗಿರುವುದು ಹೊರಗೆ ಬರುತ್ತದೆ. ಸೋಫಾ, ಗೋಡೆಯ ಕ್ಯಾಲೆಂಡರ್, ಸ್ವಿಚ್‌ಬೋರ್ಡ್ ಕೊನೆಗೆ ನೋಡಿದರೂ ನಡೆಯುತ್ತದೆ.

ಹುಳಕ್ಕಿಂತ ಮೊದಲು ಕಾಣುವುದು ಕಪ್ಪು ಚುಕ್ಕೆ. ಅದು ತಿಗಣೆಯ ಹಿಕ್ಕೆ, ಅಂದರೆ ಜೀರ್ಣವಾದ ರಕ್ತ. ಒದ್ದೆ ಬಟ್ಟೆಯಿಂದ ಒತ್ತಿ ಒರೆಸಿ. ಕಂದುಗೆಂಪಾಗಿ ಹರಡಿಕೊಂಡರೆ ಅನುಮಾನ ಬಲವಾಯಿತು. ಜಿರಳೆಯ ಹಿಕ್ಕೆ ಗಟ್ಟಿ ಹರಳಾಗಿರುತ್ತದೆ, ತಿಗಣೆಯದು ಬಟ್ಟೆಯೊಳಗೆ ಇಂಕಿನ ಹಾಗೆ ಇಳಿದಿರುತ್ತದೆ.

ತಪ್ಪು ಗುರುತು ಹಿಡಿಯುವುದು ತುಂಬಾ ಸಾಮಾನ್ಯ. ಒಂದು ಮನೆಯವರು ತಿಗಣೆ ಎಂದು ಎರಡು ಸಲ ಔಷಧಿ ಹೊಡೆಸಿ, ಹಾಸಿಗೆಯನ್ನೂ ಎಸೆದಿದ್ದರು. ಅವರು ಡಬ್ಬಿಯಲ್ಲಿ ಹಿಡಿದಿಟ್ಟಿದ್ದು ಮೈತುಂಬ ಒರಟು ಕೂದಲಿದ್ದ ಉದ್ದನೆಯ ಹುಳ, ಉಣ್ಣೆ ಬಟ್ಟೆ ತಿನ್ನುವ ಕಾರ್ಪೆಟ್ ದುಂಬಿಯ ಮರಿ. ಅದು ರಕ್ತವನ್ನೇ ಕುಡಿಯುವುದಿಲ್ಲ. ಮಕ್ಕಳು ಮಲಗುವ ಕೋಣೆಗೆ ಸುಮ್ಮನೆ ವಿಷ ಹೊಡೆಸಿದ್ದರಲ್ಲಾ ಎಂದು ನನಗೆ ತುಂಬಾ ಸಂಕಟವಾಯಿತು. ಜಿರಳೆ ಮರಿಗೆ ಉದ್ದ ಮೀಸೆ ಇರುತ್ತದೆ, ಟಾರ್ಚ್ ಬಿಟ್ಟ ತಕ್ಷಣ ಓಡುತ್ತದೆ. ನಾಯಿ, ದನದ ಮೈಯ ಉಣ್ಣಿಗೆ ಎಂಟು ಕಾಲು. ಬಾವಲಿ ಗೂಡಿನ ತಿಗಣೆ ಮಾತ್ರ ಬರಿಗಣ್ಣಿಗೆ ಇದರಂತೆಯೇ ಕಾಣುತ್ತದೆ. ಅಟ್ಟದಲ್ಲಿ ಬಾವಲಿ ಇದ್ದರೆ ಹುಳವನ್ನು ತಿಳಿದವರಿಗೆ ತೋರಿಸಿ.

ಇದರ ಕೂಡುವಿಕೆ ವಿಚಿತ್ರ. ಗಂಡು ಹುಳ ಹೆಣ್ಣಿನ ಹೊಟ್ಟೆಯನ್ನೇ ಚುಚ್ಚಿ ವೀರ್ಯ ಬಿಡುತ್ತದೆ. ಆ ಗಾಯದಿಂದ ಹೆಣ್ಣಿಗೆ ನಷ್ಟವೇ ಜಾಸ್ತಿ, ಹಾಗಾಗಿ ಗರ್ಭಕಟ್ಟಿದ ಹೆಣ್ಣುಗಳು ಗುಂಪು ಬಿಟ್ಟು ದೂರ ಹೋಗುವುದುಂಟು. ಅಂಥ ಒಂದೇ ಹೆಣ್ಣು ಬ್ಯಾಗಿನ ಜಿಪ್ ಪಟ್ಟಿಯಲ್ಲಿ ಕೂತು ಬೇರೆ ಮನೆಗೆ ಬಂದರೂ ಸಾಕು. ಊಟ ಸಿಕ್ಕರೆ ದಿನಕ್ಕೆ ಒಂದರಿಂದ ಐದು ಮೊಟ್ಟೆ ಇಡುತ್ತದೆ. ಬೆಚ್ಚಗಿನ ಕೋಣೆಯಲ್ಲಿ ಮೊಟ್ಟೆಯಿಂದ ಬೆಳೆದ ಹುಳವಾಗಲು 5ರಿಂದ 6 ವಾರ ಸಾಕು. ಊಟವಿಲ್ಲದೆಯೂ ತಿಂಗಳುಗಟ್ಟಲೆ ಬದುಕುತ್ತದೆ, ಆದ್ದರಿಂದ ಕೋಣೆಗೆ ಬೀಗ ಹಾಕಿ ಒಂದೆರಡು ವಾರ ಬಿಡುವುದರಿಂದ ಏನೂ ಉಪಯೋಗವಿಲ್ಲ. ಕೊಳಕಿಗೂ ಇದಕ್ಕೂ ಸಂಬಂಧವಿಲ್ಲ, ಮುಚ್ಚಿಡುವ ವಿಷಯವೇ ಅಲ್ಲ. ಮನುಷ್ಯರಿಗೆ ರೋಗ ಹರಡುವುದಾಗಿಯೂ ಕಂಡುಬಂದಿಲ್ಲ.

ತಿಗಣೆ ಖಚಿತವಾದ ಮೇಲೆ ಬಿಸಿಯನ್ನು ನಂಬಿ. 50 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿ ಸ್ವಲ್ಪ ಹೊತ್ತು ನಿಂತರೆ ಮೊಟ್ಟೆಯೂ ಉಳಿಯುವುದಿಲ್ಲ. ಬಟ್ಟೆಯನ್ನು 60 ಡಿಗ್ರಿಯಲ್ಲಿ ಒಗೆಯಿರಿ. ಅಂಗಡಿಯಲ್ಲಿ ಸಿಗುವ ಪೈರೆಥ್ರಾಯ್ಡ್ ಎಂಬ ಕೀಟನಾಶಕದ ಸ್ಪ್ರೇಗಳಿಗೆ ಎಷ್ಟೋ ಕಡೆ ತಿಗಣೆ ಒಗ್ಗಿಹೋಗಿದೆ. ಅದನ್ನು ಹಾಸಿಗೆಗೆ ಸುರಿಯಬೇಡಿ.

ಮೊಟ್ಟೆ ಒಡೆಯಲು 6ರಿಂದ 10 ದಿನ ಬೇಕು. ಅದಕ್ಕೇ ಚಿಕಿತ್ಸೆಯಾದ ಎರಡು ವಾರಕ್ಕೆ ಮತ್ತೆ ಅದೇ ಜಾಗಗಳನ್ನು ಹುಡುಕಿ. ಬರೀ ಚಿಕ್ಕ ಮರಿಗಳೇ ಸಿಕ್ಕರೆ ಮೊಟ್ಟೆ ಉಳಿದುಕೊಂಡಿದ್ದವು ಎಂದರ್ಥ, ಇನ್ನೊಂದು ಸುತ್ತು ಆಗಲೇಬೇಕು. ಮೊದಲ ಸುತ್ತಿನಲ್ಲೇ ಹಳೆಯ ಕಪ್ಪು ಚುಕ್ಕೆಗಳನ್ನೆಲ್ಲ ಒರೆಸಿಡಿ. ಇಲ್ಲದಿದ್ದರೆ ಎರಡನೇ ಸಲ ನೋಡುವಾಗ ಯಾವುದು ಹೊಸದು, ಯಾವುದು ಹಳೆಯದು ಎಂದು ಗೊತ್ತಾಗುವುದಿಲ್ಲ.