ಹಳೇ ಮನೆ ಕೊಳ್ಳುವ ಮುಂಚೆ ತಾರಸಿ ನೋಡಿ
ಮೈಸೂರಿನ ಲಕ್ಷ್ಮೀಪುರಂ, ಚಾಮುಂಡಿಪುರಂ ಕಡೆ ಹಳೇ ಮನೆ ಕೊಂಡು, ಸರಿಮಾಡಿ ಮಾರುವ ಯೋಚನೆ ಇದೆಯಾ? ಮೊದಲು ತಾರಸಿ ನೋಡಿ. ಮದ್ರಾಸ್ ತಾರಸಿಯಾದರೆ ಕೆಳಗೆ ಮರದ ತೊಲೆ, ಮೇಲೆ ಇಟ್ಟಿಗೆ, ಸುಣ್ಣದ ಗಾರೆ. ತೊಲೆಯ ತುದಿ ಗೋಡೆಯೊಳಗೆ ಹೋಗುವ ಜಾಗದಲ್ಲೇ ತೇವ, ಗೆದ್ದಲು ಜಾಸ್ತಿ. ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಮೆತ್ತಗಿದ್ದರೆ ಬೆಲೆ ಇಳಿಸಿ ಕೇಳಿ. ನಾನು ಹೊಸ ಬಣ್ಣಕ್ಕೆ ಮರುಳಾಗಿ, ಲಾಭದ ಅರ್ಧ ಸೂರಿಗೇ ಸುರಿದೆ! ರೆಡ್ ಆಕ್ಸೈಡ್ ನೆಲ ಚೆನ್ನಾಗಿದ್ದರೆ ಸುಮ್ನೆ ಕಿತ್ತು ಟೈಲ್ಸ್ ಹಾಕಬೇಡಿ, ಪಾಲಿಶ್ ಸಾಕು. ಇಸಿ (ಆಸ್ತಿ ಮೇಲೆ ಸಾಲ ಇದೆಯಾ ಅಂತ ತೋರಿಸುವ ಋಣಭಾರ ಪತ್ರ), ಖಾತೆ ನೋಡಿ ಅಂತ ಹೇಳಬೇಕಿಲ್ಲ ಅಲ್ವಾ. ಇನ್ನು ತೆರಿಗೆ. ಈಗ ಕೊಂಡು 24 ತಿಂಗಳೊಳಗೆ ಮಾರಿದರೆ ಲಾಭ ಆದಾಯಕ್ಕೆ ಸೇರಿ ಸ್ಲ್ಯಾಬ್ ಪ್ರಕಾರ ತೆರಿಗೆ. ದಾಟಿದರೆ 12.5%. ಇದನ್ನೇ ವ್ಯಾಪಾರ ಮಾಡಿಕೊಂಡರೆ ಲೆಕ್ಕವೇ ಬೇರೆ, ಆಡಿಟರ್ ಹತ್ತಿರ ಕೂತು ಕೇಳಿ.