ಹುಳುಮನೆಯ ಹದ ಫೋನಿಗೂ ಬೇಕು: ಬ್ಯಾಟರಿ ಬಾಳಿಕೆ ಬರುವ ಹಾಗೆ ಚಾರ್ಜ್ ಮಾಡುವುದು

ಹೋದ ಬೇಸಿಗೆಯಲ್ಲಿ ಗಂಡ ಹೆಂಡತಿ ಇಬ್ಬರು ನನ್ನ ಅಂಗಡಿಗೆ ಬಂದರು. ಶಿಡ್ಲಘಟ್ಟದ ಬಸ್ ನಿಲ್ದಾಣದ ಹತ್ತಿರ ನಾನು ಮೊಬೈಲ್ ರಿಪೇರಿಗೆ ಕೂತು ಹದಿನಾಲ್ಕು ವರ್ಷವಾಯಿತು. ಇವರು ಹಳೇ ಗಿರಾಕಿಗಳು, ಊರಲ್ಲಿ ರೇಷ್ಮೆ ಬೆಳೆಯುವವರು. ಇಬ್ಬರ ಕೈಯಲ್ಲೂ ಒಂದೇ ಕಂಪನಿಯ ಒಂದೇ ಮಾಡೆಲ್ ಫೋನು. ಎರಡು ವರ್ಷದ ಹಿಂದೆ ಗೂಡು ಮಾರಿದ ದುಡ್ಡಲ್ಲಿ ಒಂದೇ ದಿನ, ಒಂದೇ ಅಂಗಡಿಯಲ್ಲಿ ಕೊಂಡದ್ದು. ಆತನದು ಮಧ್ಯಾಹ್ನದ ಮುದ್ದೆ ಹೊತ್ತಿಗೆಲ್ಲ ಸ್ವಿಚ್ ಆಫ್. ಆಕೆಯದು ರಾತ್ರಿ ಮಲಗುವವರೆಗೂ ಬರುತ್ತಿತ್ತು.

"ಅಣ್ಣಾ, ನಂಗೆ ಡೂಪ್ಲಿಕೇಟ್ ಪೀಸ್ ಕೊಟ್ಟವ್ರೆ ನೋಡು" ಅಂದರು ಆತ.

ಎರಡನ್ನೂ ಬಿಚ್ಚಿದೆ. ಆತನ ಫೋನಿನ ಹಿಂದಿನ ಪ್ಯಾನಲ್ಲಿಗೆ ಬಿಸಿ ಹಾಕುವ ಮೊದಲೇ ಒಂದು ಮೂಲೆ ತಾನಾಗಿ ಎದ್ದಿತ್ತು. ಒಳಗೆ ಬ್ಯಾಟರಿ ಎಣ್ಣೆಗೆ ಬಿಟ್ಟ ಪೂರಿಯ ಹಾಗೆ ಉಬ್ಬಿ ನಿಂತಿತ್ತು. ಬೆಳ್ಳಿ ಬಣ್ಣದ ಆ ಚೀಲ ಬಿಗಿದುಕೊಂಡು, ಮೇಲಿನ ಅಕ್ಷರಗಳು ಸುಕ್ಕು ಬಿಟ್ಟು ಹಿಗ್ಗಿದ್ದವು. ಆಕೆಯದರ ಮೇಲೆ ಸ್ಟೀಲ್ ಸ್ಕೇಲ್ ಇಟ್ಟರೆ ಅಡಿಯಲ್ಲಿ ಬೆಳಕು ತೂರದಷ್ಟು ಸಪಾಟು. ಎರಡರ ಮೇಲೂ ಒಬ್ಬರೇ ತಯಾರಕರ ಗುರುತು, ಒಂದೇ ತಿಂಗಳ ಮುದ್ರೆ. ಡೂಪ್ಲಿಕೇಟ್ ಯಾವುದೂ ಅಲ್ಲ.

ಹೇಗೆ ಚಾರ್ಜ್ ಹಾಕುತ್ತೀರಿ ಅಂತ ಕೇಳಿದೆ. ಆತ ರಾತ್ರಿ ಹತ್ತಕ್ಕೆ ಹಾಕಿ, ಫೋನನ್ನು ದಿಂಬಿನ ಅಡಿಗೆ ತಳ್ಳಿ ಮಲಗುತ್ತಾರೆ. ಬೆಳಗಿನ ಜಾವ ಐದಕ್ಕೆ ಸೊಪ್ಪು ಕೊಯ್ಯಲು ಎದ್ದಾಗ ತೆಗೆಯುತ್ತಾರೆ. ಹಗಲೆಲ್ಲ ಬೈಕಿನ ಹ್ಯಾಂಡಲ್ ಮೇಲಿನ ಹೋಲ್ಡರಿನಲ್ಲಿ, ಬಿಸಿಲಿಗೆ ಮುಖ ಮಾಡಿ. ಆಕೆ ಬೆಳಿಗ್ಗೆ ಒಲೆ ಹಚ್ಚುವಾಗ ಅಡುಗೆಮನೆ ಗೂಡಿನಲ್ಲಿಟ್ಟು ಹಾಕುತ್ತಾರೆ, ಕೆಲಸಕ್ಕೆ ಹೊರಡುವಾಗ ಎಷ್ಟಾಗಿದ್ದರೆ ಅಷ್ಟಕ್ಕೆ ಕಿತ್ತುಕೊಳ್ಳುತ್ತಾರೆ. ಸಂಜೆ ಮತ್ತೆ ಸ್ವಲ್ಪ. "ನಾನು ಹೇಳ್ತಾನೇ ಇದ್ದೆ ಅಣ್ಣಾ, ದಿಂಬಿನ ಕೆಳಗಿಂದ ತೆಗೆದ್ರೆ ಕೈ ಸುಡುತ್ತೆ ಅಂತ" ಅಂದರು ಆಕೆ. ಅವರು ಅಂದದ್ದೇ ಇಡೀ ವಿಷಯ. ಉಳಿದದ್ದನ್ನು ನಾನು ಬಿಡಿಸಿ ಹೇಳುತ್ತೇನೆ.

ಮೊದಲು ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಅಂಗಡಿ ಇಟ್ಟ ಹೊಸದರಲ್ಲಿ ನಾನೂ ಬಂದವರಿಗೆಲ್ಲ "ಪೂರ್ತಿ ಖಾಲಿ ಮಾಡಿ, ಆಮೇಲೆ ಪೂರ್ತಿ ತುಂಬಿಸಿ" ಅನ್ನುತ್ತಿದ್ದೆ. ನನಗೆ ಕೆಲಸ ಕಲಿಸಿದವರು ಹೇಳಿದ ಪಾಠ ಅದು. ಹಳೇ ನಿಕಲ್ ಬ್ಯಾಟರಿಗಳ ಕಾಲದಲ್ಲಿ ಅದಕ್ಕೆ ಅರ್ಥವಿತ್ತು. ಅರ್ಧಂಬರ್ಧ ಚಾರ್ಜ್ ಮಾಡಿದರೆ ಕೆಲವು ನಿಕಲ್ ಬ್ಯಾಟರಿಗಳು ಅಷ್ಟಕ್ಕೇ ಒಗ್ಗಿಕೊಂಡುಬಿಡುತ್ತಿದ್ದವು. ಲಿಥಿಯಂ ಅಯಾನ್ ಬ್ಯಾಟರಿ 1991ರಲ್ಲೇ ಮಾರುಕಟ್ಟೆಗೆ ಬಂತು, ಈಗಿನ ಫೋನುಗಳಲ್ಲಿ ಇರುವುದೆಲ್ಲ ಅದೇ. ಅದಕ್ಕೆ ಆ ಕಾಯಿಲೆ ಇಲ್ಲ. ಸೊನ್ನೆಗೆ ಇಳಿಸುವುದೇ ಅದಕ್ಕೆ ಕಷ್ಟ. ನನ್ನ ಮಾತು ಕೇಳಿ ಎಷ್ಟು ಜನ ಫೋನು ಹಾಳು ಮಾಡಿಕೊಂಡರೋ, ಅದರ ನೋವು ನನಗಿದೆ. ಅದಕ್ಕೇ ಈಗ ಬಂದವರನ್ನೆಲ್ಲ ಕೂರಿಸಿಕೊಂಡು ಹೇಳುತ್ತೇನೆ.

ಒಳಗೆ ನಡೆಯುವುದು ಇಷ್ಟು. ಒಂದು ಕಡೆ ಗ್ರಾಫೈಟ್, ಇನ್ನೊಂದು ಕಡೆ ಕೋಬಾಲ್ಟಿನಂಥ ಲೋಹ ಬೆರೆತ ಪದರ, ನಡುವೆ ದ್ರವ. ಚಾರ್ಜ್ ಮಾಡಿದರೆ ಲಿಥಿಯಂ ಗ್ರಾಫೈಟಿನ ಪದರಗಳೊಳಗೆ ಹೋಗಿ ಕೂರುತ್ತದೆ, ಬಳಸಿದರೆ ವಾಪಸ್ ಬರುತ್ತದೆ. ಗ್ರಾಫೈಟಿನ ಮೇಲೆ ಮೊದಲ ದಿನದಿಂದಲೇ ಒಂದು ತೆಳು ಪೊರೆ ಕಟ್ಟಿಕೊಳ್ಳುತ್ತದೆ. ಅದು ಬೇಕು ಕೂಡ, ಅದಿಲ್ಲದಿದ್ದರೆ ದ್ರವ ಕೆಟ್ಟುಹೋಗುತ್ತದೆ. ಆದರೆ ಪೊರೆ ದಪ್ಪವಾಗುತ್ತಾ ಹೋದ ಹಾಗೆ ಓಡಾಡಬೇಕಾದ ಲಿಥಿಯಂ ಅದರಲ್ಲೇ ಸಿಕ್ಕಿಕೊಳ್ಳುತ್ತದೆ. ರೇಷ್ಮೆ ಹುಳು ನಾಲ್ಕು ಸಲ ಪೊರೆ ಕಳಚಿ ಬೆಳೆಯುತ್ತದೆ, ಆ ಹೊತ್ತಿಗೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಬ್ಯಾಟರಿಗೆ ಕಳಚುವ ದಾರಿಯಿಲ್ಲ. ಕಟ್ಟಿದ್ದು ಕಟ್ಟಿದ ಹಾಗೇ.

ಆ ಪೊರೆಯನ್ನು ಬೇಗ ದಪ್ಪ ಮಾಡುವುದು ಎರಡು: ಬಿಸಿ, ಮತ್ತು ತುಂಬಿ ತುಳುಕುವ ಸ್ಥಿತಿ. ನಮ್ಮ ಕಡೆ ಸಾವಿರ ಅಡಿ ಬೋರ್‌ವೆಲ್ ನೀರನ್ನು ಕಾಯಿಸಿದರೆ ಹೀಟರ್ ಕಾಯಿಲಿಗೆ ಬಿಳಿ ಉಪ್ಪು ಕಟ್ಟುವುದನ್ನು ಎಲ್ಲರೂ ನೋಡಿದ್ದೀರಿ. ತಣ್ಣಗಿದ್ದಾಗ ಆ ನೀರು ಅಷ್ಟು ಕಟ್ಟುವುದಿಲ್ಲ. ಬ್ಯಾಟರಿಯಲ್ಲೂ ಬಿಸಿ ಏರಿದಷ್ಟು ಕೆಡುವ ಕೆಲಸ ಜೋರು. ಇನ್ನು ನೂರು ಶೇಕಡ ಅಂದರೆ ಬ್ಯಾಟರಿಯ ವೋಲ್ಟೇಜ್ ತನ್ನ ಮೇಲಿನ ಅಂಚಿನಲ್ಲಿ ನಿಂತಿದೆ ಅಂತ. ಹಳೇ ಫೋನುಗಳಲ್ಲಿ ಅದು 4.2 ವೋಲ್ಟ್, ಈಗಿನ ಎಷ್ಟೋ ಫೋನುಗಳಲ್ಲಿ 4.4ರ ಆಸುಪಾಸು. ಆ ಅಂಚಿನಲ್ಲಿ ಗಂಟೆಗಟ್ಟಲೆ ನಿಲ್ಲಿಸಿ, ಮೇಲೆ ದಿಂಬು ಹೊದಿಸಿದರೆ ಎರಡೂ ಪೆಟ್ಟು ಒಟ್ಟಿಗೇ ಬಿದ್ದಂತೆ. ಆತನ ಫೋನಿಗೆ ಎರಡು ವರ್ಷ, ದಿನಾ ರಾತ್ರಿ ನಾಲ್ಕೈದು ಗಂಟೆ ಬಿದ್ದದ್ದು ಇದೇ.

ನಾನು ಹುಳು ಸಾಕುವವರಿಗೆ ಹೇಳುವುದು ಸುಲಭ. ಚಾಕಿ ಹುಳುವಿಗೆ, ಅಂದರೆ ಮರಿ ಹುಳುವಿಗೆ, 26ರಿಂದ 28 ಡಿಗ್ರಿ ಬೇಕು, ದೊಡ್ಡ ಹುಳುವಿಗೆ 24, 25 ಸಾಕು ಅಂತ ಅವರಿಗೆ ಬಾಯಿಪಾಠ. ಒಂದೆರಡು ಡಿಗ್ರಿ ಏರಿದರೂ ಗೋಣಿತಾಟು ನೆನೆಸಿ ಕಿಟಕಿಗೆ ಕಟ್ಟುತ್ತಾರೆ. ಅವರ ದೊಡ್ಡ ಹುಳುವಿಗೆ ಹಿತವಾದ ಗಾಳಿ ಫೋನಿನ ಬ್ಯಾಟರಿಗೂ ಹಿತ. ಸುತ್ತಲಿನ ಬಿಸಿ 35 ಡಿಗ್ರಿ ದಾಟಿದ ಕಡೆ ಫೋನು ಬಳಸಬೇಡಿ ಅಂತ ದೊಡ್ಡ ಕಂಪನಿಗಳೇ ಹೇಳುತ್ತವೆ. ಏಪ್ರಿಲ್‌ನಲ್ಲಿ ನಮ್ಮ ಬಿಸಿಲು ಆ ಗೆರೆಯನ್ನು ಎಷ್ಟೋ ಮಧ್ಯಾಹ್ನ ದಾಟುತ್ತದೆ. ಶೀಟ್ ಮನೆಯೊಳಗೆ ಇನ್ನೂ ಹೆಚ್ಚು.

ಹಾಗಂತ ಫೋನನ್ನು ಹುಳು ಸಾಕುವ ಹುಳುಮನೆಯಲ್ಲಿ ಚಾರ್ಜಿಗೆ ಇಡಬೇಡಿ. ಅಲ್ಲಿ ತೇವ ಜಾಸ್ತಿ, ಜ್ವರದ ಹೊತ್ತಿಗೆ ಎರಚುವ ಸುಣ್ಣದ ಪುಡಿ ಗಾಳಿಯಲ್ಲೆಲ್ಲ ಇರುತ್ತದೆ. ಚಾರ್ಜಿಂಗ್ ಪಿನ್ ಕೆಟ್ಟಿದೆ ಅಂತ ತಂದ ಫೋನುಗಳಿಂದ ನಾನು ಬ್ರಷ್ಷಿನಲ್ಲಿ ಗಟ್ಟಿಯಾದ ಸುಣ್ಣ ಕೆರೆದು ತೆಗೆದಿದ್ದೇನೆ. ಪಿನ್ ಸರಿಯಾಗಿ ಕೂರದಿದ್ದರೆ ಅಲ್ಲೇ ಬಿಸಿಯಾಗುತ್ತದೆ, ಚಾರ್ಜ್ ಬಿಟ್ಟು ಬಿಟ್ಟು ಏರುತ್ತದೆ. ತಿಂಗಳಿಗೊಮ್ಮೆ ಫೋನು ಆಫ್ ಮಾಡಿ, ಒಣ ಮೆತ್ತನೆ ಬ್ರಷ್ಷಿನಲ್ಲಿ ತೂತನ್ನು ಒರೆಸಿ. ಸೂಜಿ, ಪಿನ್ನು ಹಾಕಬೇಡಿ.

ಈಗ ದಿನದ ಕ್ರಮ. ಇಪ್ಪತ್ತು ಶೇಕಡಕ್ಕೆ ಇಳಿಯುವ ಮುಂಚೆ ಹಾಕಿ, ಎಂಬತ್ತರ ಹತ್ತಿರ ತೆಗೆಯಿರಿ. ಗೆರೆ ಎಳೆದ ಹಾಗೆ ಇರಬೇಕಿಲ್ಲ, ಎಪ್ಪತ್ತೈದಕ್ಕೆ ತೆಗೆದರೂ, ಎಂಬತ್ತೆಂಟಾದರೂ ಏನೂ ಆಗುವುದಿಲ್ಲ. ದಿನಕ್ಕೆ ಮೂರು ಸಲ ಸ್ವಲ್ಪ ಸ್ವಲ್ಪ ಹಾಕಿದರೆ ಬ್ಯಾಟರಿ ಸವೆಯುತ್ತೆ ಅನ್ನುವ ಭಯ ಬಹಳ ಜನಕ್ಕಿದೆ. ಬಿಟ್ಟುಬಿಡಿ. ಎಷ್ಟು ಸಲ ವೈರು ಚುಚ್ಚಿದಿರಿ ಅಂತ ಲೆಕ್ಕ ಇಡುವುದಿಲ್ಲ, ಒಟ್ಟು ಎಷ್ಟು ಖರ್ಚಾಯಿತು ಅಂತ ಇಡುತ್ತಾರೆ. ಇವತ್ತು ನಲವತ್ತು ಶೇಕಡ, ನಾಳೆ ಅರವತ್ತು ಶೇಕಡ ಖರ್ಚು ಮಾಡಿದರೆ ಎರಡೂ ಸೇರಿ ಒಂದು ಸೈಕಲ್. ಐಫೋನ್ 14ರವರೆಗಿನ ಬ್ಯಾಟರಿಗಳು 500 ಸೈಕಲ್ ಆದಮೇಲೂ ಶೇಕಡ 80ರಷ್ಟು ಶಕ್ತಿ ಉಳಿಸಿಕೊಳ್ಳುವ ಹಾಗೆ, 15ರಿಂದ ಈಚಿನವು 1000 ಸೈಕಲ್‌ಗೆ ಹಾಗೆ ಉಳಿಸಿಕೊಳ್ಳುವ ಹಾಗೆ ಮಾಡಿದ್ದೇವೆ ಅಂತ ಆಪಲ್ ಹೇಳುತ್ತದೆ. ಅದೂ ಸರಿಯಾದ ಹವೆಯಲ್ಲಿ ಇಟ್ಟರೆ.

ರಾತ್ರಿಯೇ ಹಾಕಬೇಕು, ಬೇರೆ ಹೊತ್ತಿಲ್ಲ ಅನ್ನುವವರೂ ಇದ್ದಾರೆ. ಹಳ್ಳಿಗಳಲ್ಲಿ ಕರೆಂಟ್ ಇದ್ದಾಗಲೇ ಹಾಕಿಕೊಳ್ಳಬೇಕು, ಅದು ನನಗೂ ಗೊತ್ತು. ಅವರಿಗೆ ನಾನು ಫೋನಿನ ಒಳಗೇ ಬೀಗ ಹಾಕಿಕೊಡುತ್ತೇನೆ. ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ಅಂತ ಇರುವಲ್ಲಿ ಹೋಗಿ. ಸ್ಯಾಮ್‌ಸಂಗ್‌ನ ಹೊಸ ಫೋನುಗಳಲ್ಲಿ ಬ್ಯಾಟರಿ ಪ್ರೊಟೆಕ್ಷನ್ ಅಂತ ಸಿಗುತ್ತದೆ, ಅದರಲ್ಲಿ ಮ್ಯಾಕ್ಸಿಮಮ್ ಆರಿಸಿ ಎಂಬತ್ತರ ಮಿತಿ ಇಟ್ಟರೆ ಅಲ್ಲಿಗೇ ನಿಲ್ಲುತ್ತದೆ. ಐಫೋನ್ 15ರಿಂದ ಈಚೆಗೂ ಎಂಬತ್ತರ ಮಿತಿ ಇದೆ. ಬೇರೆ ಕಂಪನಿಗಳಲ್ಲಿ ಸ್ಮಾರ್ಟ್ ಚಾರ್ಜಿಂಗ್, ಆಪ್ಟಿಮೈಸ್ಡ್ ಚಾರ್ಜಿಂಗ್ ಅಂತ ಹೆಸರು ಬದಲಾಗುತ್ತದೆ. ಇವು ಎಂಬತ್ತರಲ್ಲಿ ತಡೆದು ನಿಲ್ಲಿಸಿ, ನೀವು ಏಳುವ ಹೊತ್ತಿಗೆ ಉಳಿದದ್ದನ್ನು ತುಂಬಿಸುತ್ತವೆ. ನಮ್ಮಮ್ಮನಿಗೆ ಇದನ್ನೆಲ್ಲ ನೆನಪಿಡಿ ಅಂತ ಹೇಳಿ ಫಲವಿಲ್ಲ. ಅವರ ಫೋನಿಗೆ ಎಂಬತ್ತರ ಮಿತಿ ಹಾಕಿದ್ದೇನೆ, ಚಾರ್ಜರನ್ನು ಹಾಸಿಗೆ ಹತ್ತಿರದಿಂದ ತೆಗೆದು ಪಡಸಾಲೆಯ ಕಲ್ಲಿನ ಕಟ್ಟೆ ಮೇಲಿನ ಪ್ಲಗ್ಗಿಗೆ ಹಾಕಿದ್ದೇನೆ. ಕಲ್ಲು ತಣ್ಣಗಿರುತ್ತದೆ, ಹಾಸಿಗೆ ಬಿಸಿಯನ್ನು ಹಿಡಿದಿಡುತ್ತದೆ.

ದಪ್ಪ ರಬ್ಬರ್ ಕವರ್ ಇದ್ದರೆ ಚಾರ್ಜಿಗೆ ಹಾಕುವಾಗ ಬಿಚ್ಚಿ. ಚಾರ್ಜ್ ಆಗುತ್ತಿರುವಾಗ ಹಾಟ್‌ಸ್ಪಾಟ್ ಹಾಕಿಕೊಂಡು ಮಕ್ಕಳಿಗೆ ಗೇಮ್ ಆಡಲು ಕೊಡಬೇಡಿ, ಒಂದು ಕಡೆಯಿಂದ ತುಂಬುವ ಬಿಸಿ, ಇನ್ನೊಂದು ಕಡೆಯಿಂದ ಖರ್ಚಿನ ಬಿಸಿ. ಬಿಸಿಲಲ್ಲಿ ಬೈಕಿನಿಂದ ಇಳಿದ ಕೂಡಲೇ ಹಾಕಬೇಡಿ, ಹತ್ತು ನಿಮಿಷ ನೆರಳಲ್ಲಿ ಆರಲಿ. ಫ್ರಿಜ್ಜಿನಲ್ಲಿ ಇಟ್ಟು ತಣ್ಣಗೆ ಮಾಡಿದವರೂ ಬಂದಿದ್ದಾರೆ, ಒಳಗೆಲ್ಲ ನೀರು ಬೆವರಿ ಬೋರ್ಡೇ ಹೋಗಿತ್ತು.

ಫಾಸ್ಟ್ ಚಾರ್ಜರ್ ಬಗ್ಗೆ ಕೇಳದವರಿಲ್ಲ. ಫೋನಿನ ಜೊತೆಗೆ ಹೊಂದುವ ಕಂಪನಿಯದೇ ಆದರೆ ಅಷ್ಟು ಹೆದರಬೇಕಿಲ್ಲ. ಕೆಳಗಿನ ಅರ್ಧದಲ್ಲಿ ಜೋರಾಗಿ ತುಂಬಿಸಿ, ಮೇಲೆ ಹೋದ ಹಾಗೆ ಕರೆಂಟನ್ನು ಫೋನೇ ಇಳಿಸುತ್ತದೆ. ಎಂಬತ್ತಾದ ಮೇಲೆ ನಿಧಾನವಾಗುವುದು ಅದಕ್ಕೇ, ಕೆಟ್ಟಿದೆ ಅಂತಲ್ಲ. ಆದರೂ ಹೊತ್ತಿದ್ದಾಗ ನಿಧಾನದ ಚಾರ್ಜರ್ ಹಾಕಿದರೆ ಬಿಸಿ ಕಡಿಮೆ. ನಾನು ಹೆದರುವುದು ನೂರು ರೂಪಾಯಿಯ ಹೆಸರಿಲ್ಲದ ಚಾರ್ಜರಿಗೆ. ಒಳ್ಳೇ ಚಾರ್ಜರ್ 100ರಿಂದ 240 ವೋಲ್ಟ್‌ವರೆಗೆ ತಾಳಿಕೊಳ್ಳುತ್ತದೆ, ನಮ್ಮೂರ ಲೋ ವೋಲ್ಟೇಜಿಗೆ ಜಗ್ಗುವುದಿಲ್ಲ. ಕೊಳ್ಳುವಾಗ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ನೋಡಿ, ಅದರ ಜೊತೆ 'ಆರ್' ಅಕ್ಷರದಿಂದ ಶುರುವಾಗುವ ನೋಂದಣಿ ನಂಬರ್ ಇರಬೇಕು.

ನೂರು ತುಂಬಿಸಲೇಬಾರದು ಅಂತಲ್ಲ. ರೇಷ್ಮೆ ಗೂಡಿನ ಮಾರುಕಟ್ಟೆಗೆ ಹೋಗುವ ರೀಲರುಗಳಿಗೆ, ಅಂದರೆ ಗೂಡು ಕೊಂಡು ನೂಲು ತೆಗೆಯುವವರಿಗೆ, ಬಿಡ್ ಹಾಕುವುದೇ ಫೋನಿನಲ್ಲಿ. ಹರಾಜಿನ ನಡುವೆ ಫೋನು ಸತ್ತರೆ ಆ ದಿನದ ಗೂಡೇ ಹೋಯಿತು. ಅವರಿಗೆ ಹೇಳುವುದು: ಬೆಳಿಗ್ಗೆ ಎದ್ದು ನೂರು ಮಾಡಿಕೊಳ್ಳಿ, ಕೂಡಲೇ ಕಿತ್ತು ಹೊರಡಿ. ತುಂಬಿದ್ದು ಇಳಿಯಲು ಶುರುವಾದರೆ ಸರಿ, ತುಂಬಿಕೊಂಡೇ ನಿಲ್ಲುವುದು ಬೇಡ. ಎರಡು ಮೂರು ತಿಂಗಳಿಗೊಮ್ಮೆ ಹತ್ತರವರೆಗೆ ಇಳಿಸಿ ನೂರಕ್ಕೆ ಏರಿಸಿದರೆ ಪರದೆಯ ಮೇಲಿನ ಶೇಕಡದ ಲೆಕ್ಕ ಸರಿಹೋಗುತ್ತದೆ. ಅದು ಲೆಕ್ಕಕ್ಕೆ ಮಾತ್ರ, ಬ್ಯಾಟರಿಗೆ ಅದರಿಂದ ಬಲ ಬರುವುದಿಲ್ಲ.

ಬಳಸದೆ ಇಟ್ಟ ಫೋನುಗಳ ಕಥೆ ಬೇರೆ. ಕೊರೊನಾ ಕಾಲದಲ್ಲಿ ಮಕ್ಕಳ ಆನ್‌ಲೈನ್ ಕ್ಲಾಸಿಗೆ ಕೊಂಡ ಫೋನುಗಳನ್ನು ಆಮೇಲೆ ಬೀರುವಿನಲ್ಲಿ ಇಟ್ಟು ಮರೆತರು. ಒಂದು ವರ್ಷ ಬಿಟ್ಟು ತಂದರೆ ಏನು ಮಾಡಿದರೂ ಆನ್ ಆಗುವುದಿಲ್ಲ. ಖಾಲಿಯಾಗಿಯೇ ಇಟ್ಟರೆ ವೋಲ್ಟೇಜ್ ಇಳಿದಿಳಿದು ಒಂದು ಮಟ್ಟದ ಕೆಳಗೆ ಹೋಗುತ್ತದೆ, ಆಮೇಲೆ ಚಾರ್ಜ್ ಮಾಡುವುದು ಅಪಾಯ ಅಂತ ಒಳಗಿನ ಸರ್ಕ್ಯೂಟೇ ತಡೆಯುತ್ತದೆ. ಎತ್ತಿಡುವುದಾದರೆ ಅರ್ಧ ಚಾರ್ಜ್ ಮಾಡಿ, ಆಫ್ ಮಾಡಿ, ತಣ್ಣನೆ ಜಾಗದಲ್ಲಿಡಿ. ಆರು ತಿಂಗಳಿಗೊಮ್ಮೆ ತೆಗೆದು ಮತ್ತೆ ಅರ್ಧಕ್ಕೆ ತನ್ನಿ.

ಊದಿದ ಬ್ಯಾಟರಿಯ ವಿಷಯದಲ್ಲಿ ಮಾತ್ರ ನಾನು ಯಾರಿಗೂ ಸಡಿಲ ಬಿಡುವುದಿಲ್ಲ. ಪರದೆ ಅಂಚಿನಲ್ಲಿ ಎದ್ದರೆ, ಸಪಾಟು ಮೇಜಿನ ಮೇಲೆ ಇಟ್ಟಾಗ ಫೋನು ತೊಟ್ಟಿಲಿನಂತೆ ಅಲುಗಿದರೆ ಅವತ್ತೇ ಚಾರ್ಜ್ ನಿಲ್ಲಿಸಿ, ಆಫ್ ಮಾಡಿ, ಬಟ್ಟೆ ಕಾಗದ ಇಲ್ಲದ ಕಡೆ ಇಟ್ಟು ಅಂಗಡಿಗೆ ತನ್ನಿ. ಒತ್ತಿ ಕೂರಿಸಬೇಡಿ, ಗಾಳಿ ಬಿಡಲು ಚುಚ್ಚಬೇಡಿ. ಒಳಗಿರುವುದು ಹೊತ್ತಿಕೊಳ್ಳುವ ಅನಿಲ, ಪದರ ಹರಿದರೆ ಬೆಂಕಿ. ಹಳೇ ಬ್ಯಾಟರಿಯನ್ನು ತಿಪ್ಪೆಗೂ ಎಸೆಯಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ತಯಾರಿಸಿದವರೇ ಅದನ್ನು ವಾಪಸ್ ಪಡೆಯುವ ಹೊಣೆ ಹೊರಬೇಕು. ನನ್ನ ಅಂಗಡಿಗೆ ಬಂದವನ್ನು ಮರಳು ಹಾಕಿದ ತಗಡಿನ ಡಬ್ಬದಲ್ಲಿ ಕೂಡಿಟ್ಟು ಕಳಿಸುತ್ತೇನೆ.

ಆತನ ಊದಿದ ಬ್ಯಾಟರಿಯೂ ಅದೇ ಡಬ್ಬಕ್ಕೆ ಹೋಯಿತು. ಹೊಸದು ಹಾಕಿ ಪ್ಯಾನಲ್ ಮುಚ್ಚುವ ಮೊದಲು, ಎಂದಿನಂತೆ, ಬ್ಯಾಟರಿಯ ಮೂಲೆಯಲ್ಲಿ ಮಾರ್ಕರಿನಿಂದ ದಿನಾಂಕ ಬರೆದೆ. ಆಕೆ ಬಗ್ಗಿ ನೋಡಿ, ತಮ್ಮ ಫೋನಿನಲ್ಲೂ ಬರೆಯಿರಿ ಅಂದರು. ಅದು ಹಳೇದೇ ಅಲ್ವಾ ಅಕ್ಕಾ ಅಂದೆ. "ಆಗ್ಲಿ ಬರೀರಿ ಅಣ್ಣಾ, ಇನ್ನೆಷ್ಟು ದಿನ ಬರುತ್ತೋ ನೋಡೋಣ" ಅಂದರು. ಅವರ ಬ್ಯಾಟರಿಯ ಮೇಲೂ ಅದೇ ದಿನಾಂಕ ಇದೆ.