ಸ್ಕೀ ನಿಮ್ಮ ಮಾತು ಕೇಳಬೇಕೆಂದರೆ: ಹೆಣ್ಣುಮಕ್ಕಳು ಸರಿಯಾದ ಜೋಡಿ ಆರಿಸುವುದು ಹೀಗೆ

ಧಾರವಾಡದ ನಮ್ಮ ಓಣಿಯ ಇಬ್ಬರು ಹುಡುಗಿಯರು ಈ ಜನವರಿಗೆ ಕಾಶ್ಮೀರದ ಗುಲ್ಮಾರ್ಗ್‌ಗೆ ಹೊರಟಿದ್ದಾರೆ, ಹಿಮದ ಇಳಿಜಾರಿನಲ್ಲಿ ಜಾರುವ ಸ್ಕೀಯಿಂಗ್ ಕಲಿಯಲು. ಜಾಕೆಟ್, ಕೈಗವಸು, ಕನ್ನಡಕ ಎಲ್ಲ ವಿಚಾರಿಸಿದರು. ಜಾರಲು ಕಾಲಿಗೆ ಕಟ್ಟುವ ಉದ್ದನೆಯ ಪಟ್ಟಿ, ಅಂದರೆ ಸ್ಕೀ ಬಗ್ಗೆ ಒಂದು ಮಾತೂ ಇಲ್ಲ. ಕೇಳಿದರೆ, "ಅವನ್ನ ಅಲ್ಲೇ ಬಾಡಿಗೀಗೆ ಕೊಡ್ತಾರಲ್ರಿ ಅಕ್ಕಾರ" ಅಂದರು.

ನಾನೂ ಹಾಗೇ ಅಂದುಕೊಂಡು ಹೋಗಿದ್ದೆ. ನನ್ನ ಎತ್ತರ 155 ಸೆಂ.ಮೀ., ತೂಕ ಆಗ 51 ಕೆ.ಜಿ. ಬಾಡಿಗೆ ಅಂಗಡಿಯಲ್ಲಿ ಗೋಡೆಗೆ ಒರಗಿಸಿದ್ದ 165 ಸೆಂ.ಮೀ. ಜೋಡಿಯನ್ನು ತೆಗೆದು ಕೈಗೆ ಕೊಟ್ಟರು. ಎರಡು ದಿನ ಎಡಕ್ಕೆ ತಿರುಗಿಸಿದರೂ ನೇರ, ಬಲಕ್ಕೆ ತಿರುಗಿಸಿದರೂ ನೇರ. ತೊಡೆ ಉರಿಯುತ್ತಿತ್ತು. ಇದು ನನ್ನ ಕೈಲಾಗದ ಕೆಲಸ ಅಂತ ರಾತ್ರಿ ಅಳು ಬಂತು. ಮೂರನೇ ದಿನ ತರಬೇತುದಾರರು ನನ್ನ ಸ್ಕೀಯನ್ನು ಬಗ್ಗಿಸಿ ನೋಡಿದರು, ತಲೆ ಅಲ್ಲಾಡಿಸಿ ವಾಪಸ್ ಕಳಿಸಿದರು. 142 ಸೆಂ.ಮೀ.ನ ಮೆತ್ತಗಿನ ಜೋಡಿ ಬಂತು. ಅದೇ ಇಳಿಜಾರು, ಅದೇ ಕಾಲು. ಮಧ್ಯಾಹ್ನದೊಳಗೆ ಎಡಕ್ಕೂ ತಿರುಗಿದೆ, ಬಲಕ್ಕೂ ತಿರುಗಿದೆ. ನಿಮ್ಮ ಎರಡು ದಿನ ಹಾಗೆ ಹಾಳಾಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಮನೆಯಲ್ಲೇ ಶುರು ಮಾಡಿ

ಹೊರಡುವ ಮುಂಚೆ ಹಿಮ್ಮಡಿಯನ್ನು ಗೋಡೆಗೆ ತಾಗಿಸಿ ನಿಲ್ಲಿ. ಹೆಬ್ಬೆರಳ ತುದಿಗೆ ಪೆನ್ಸಿಲ್ ಗುರುತು ಹಾಕಿ ಅಳೆಯಿರಿ. ಸ್ಕೀ ಬೂಟಿನ ಸೈಜ್ ಎಂದರೆ ಪಾದದ ಉದ್ದವೇ, ಸೆಂಟಿಮೀಟರ್‌ನಲ್ಲಿ. ಪಾದ 23.5 ಸೆಂ.ಮೀ. ಇದ್ದರೆ ಬೂಟೂ 23.5. ಚಪ್ಪಲಿ ಅಂಗಡಿಯ 5, 6 ನಂಬರ್ ಇಲ್ಲಿ ನಡೆಯುವುದಿಲ್ಲ. ಎರಡೂ ಪಾದ ಅಳೆಯಿರಿ, ಒಂದು ಸ್ವಲ್ಪ ದೊಡ್ಡದಿರುವುದು ಸಾಮಾನ್ಯ. ತೂಕವನ್ನೂ ಸರಿಯಾಗಿ ನೋಡಿ ಬರೆದಿಟ್ಟುಕೊಳ್ಳಿ. ನಾಚಿಕೆಗೆ ನಾಲ್ಕು ಕೆ.ಜಿ. ಕಡಿಮೆ ಹೇಳಬೇಡಿ, ಮುಂದೆ ಎಲ್ಲ ಲೆಕ್ಕವೂ ಅದರ ಮೇಲೇ ನಿಂತಿದೆ.

ಮೊದಲು ಬೂಟು, ಆಮೇಲೆ ಸ್ಕೀ

ಕಾಲಿನ ಮಾತನ್ನು ಸ್ಕೀಗೆ ತಲುಪಿಸುವುದು ಬೂಟು. ಅದು ಸಡಿಲವಾದರೆ ಎಂಥ ಒಳ್ಳೆಯ ಸ್ಕೀ ಇದ್ದರೂ ಸುಮ್ನೆ. ಚಳಿ ಅಂತ ಎರಡು ಜೊತೆ ಸಾಕ್ಸ್ ಹಾಕುವುದು ನಮ್ಮ ಕಡೆಯವರೆಲ್ಲ ಮಾಡುವ ತಪ್ಪು. ಮಡಿಕೆಯಾಗಿ ಒತ್ತುತ್ತದೆ, ರಕ್ತ ಸರಿಯಾಗಿ ಹರಿಯದೆ ಕಾಲು ಇನ್ನೂ ತಣ್ಣಗಾಗುತ್ತದೆ. ತೆಳ್ಳಗಿನ ಉದ್ದ ಸಾಕ್ಸ್ ಒಂದೇ ಜೊತೆ ಸಾಕು.

ಬೂಟು ಹಾಕಿ ನೆಟ್ಟಗೆ ನಿಂತರೆ ಬೆರಳು ಮುಂದೆ ಮೆಲ್ಲಗೆ ತಾಗಬೇಕು. ಮೊಣಕಾಲು ಬಗ್ಗಿಸಿ ಮುಂದಕ್ಕೆ ಒರಗಿದರೆ ಬೆರಳು ಹಿಂದೆ ಸರಿಯಬೇಕು. ಹಿಮ್ಮಡಿ ಮಾತ್ರ ಮೇಲೇಳಬಾರದು. ಅನುಮಾನ ಬಂದರೆ ಒಳಗಿನ ಮೆತ್ತೆ ತೆಗೆದು, ಬರೀ ಪ್ಲಾಸ್ಟಿಕ್ ಚಿಪ್ಪಿನಲ್ಲಿ ಕಾಲಿಟ್ಟು ಬೆರಳನ್ನು ಮುಂದಕ್ಕೆ ತಾಗಿಸಿ. ಹಿಮ್ಮಡಿಯ ಹಿಂದೆ ಒಂದೂವರೆ ಬೆರಳಿನಷ್ಟು ಜಾಗ ಇದ್ದರೆ ಸರಿ. ಮೂರು ಬೆರಳು ಹಿಡಿಸಿದರೆ ಬೇರೆ ಬೂಟು ಕೇಳಿ.

ಹೆಂಗಸರ ಮೀನಖಂಡ ಸಾಮಾನ್ಯವಾಗಿ ಗಂಡಸರಿಗಿಂತ ಸ್ವಲ್ಪ ಕೆಳಗಿನಿಂದಲೇ ದಪ್ಪಗಾಗುತ್ತದೆ. ಅದಕ್ಕೇ ಹೆಂಗಸರ ಬೂಟಿನ ಕೊರಳು ಗಿಡ್ಡ, ಬಾಯಿ ಅಗಲ. ಗಂಡಸರ ಬೂಟು ಹಾಕಿದರೆ ಅಲ್ಲೇ ಕಚ್ಚಿ, ಸಂಜೆಗೆ ಕಾಲು ಹಿಡಿದುಕೊಳ್ಳುತ್ತದೆ. ಬೂಟಿನ ಗಡಸುತನಕ್ಕೂ ಒಂದು ಅಂಕಿ ಇದೆ. ಹೊಸದಾಗಿ ಕಲಿಯುವ ಹೆಂಗಸರಿಗೆ 50ರಿಂದ 70 ಸಾಕು.

ಉದ್ದಕ್ಕಿಂತ ಬಾಗುವುದು ಮುಖ್ಯ

ಸ್ಕೀಯನ್ನು ನೆಲದ ಮೇಲಿಟ್ಟು ನೋಡಿ. ಹೆಚ್ಚಿನವುಗಳ ನಡು ಸ್ವಲ್ಪ ಮೇಲೆದ್ದಿರುತ್ತದೆ. ಅದು ಹಲಗೆ ಅಲ್ಲ, ಸ್ಪ್ರಿಂಗ್. ನೀವು ಒಂದು ಅಂಚಿನ ಮೇಲೆ ಭಾರ ಹಾಕಿದಾಗ ಅದು ಬಿಲ್ಲಿನಂತೆ ಬಾಗುತ್ತದೆ, ಬಾಗಿದ ದಾರಿಯಲ್ಲೇ ತಿರುಗುತ್ತದೆ. 80 ಕೆ.ಜಿ. ಗಂಡಸಿಗೆ ಮಾಡಿದ ಸ್ಕೀ 50 ಕೆ.ಜಿ.ಗೆ ಬಾಗುವುದೇ ಇಲ್ಲ. ಬಾಗದಿದ್ದರೆ ತಿರುಗುವುದು ಎಲ್ಲಿಂದ ಬಂತು? ನನಗೆ ಆಗಿದ್ದು ಇದೇ.

ಪರೀಕ್ಷೆ ಸುಲಭ. ಸ್ಕೀಯ ಬಾಲ ನೆಲಕ್ಕೆ ಊರಿ, ಒಂದು ಕೈಯಲ್ಲಿ ಮೇಲಿನ ತುದಿ ಹಿಡಿದು, ಇನ್ನೊಂದು ಕೈಯಿಂದ ನಡುವನ್ನು ಒತ್ತಿ. ಗಂಡಸರದು ಒಂದು, ಹೆಂಗಸರದು ಒಂದು ಬಗ್ಗಿಸಿ ನೋಡಿ. ಕೈಗೇ ವ್ಯತ್ಯಾಸ ತಿಳಿಯುತ್ತದೆ.

ಹೆಂಗಸರ ಸ್ಕೀ ಎಂದರೆ ಬರೀ ಗುಲಾಬಿ ಬಣ್ಣ ಬಳಿದದ್ದಲ್ಲ. ಒಳ್ಳೆಯ ಕಂಪನಿಯವು ಹಗುರ, ಮೆತ್ತಗೆ, ಮತ್ತು ಎಷ್ಟೋ ಮಾದರಿಗಳಲ್ಲಿ ಬೂಟು ಕೂರುವ ಜಾಗ ತುಸು ಮುಂದಿರುತ್ತದೆ. ಹೆಂಗಸರ ಮೈಭಾರ ಸೊಂಟದ ಕಡೆ ಜಾಸ್ತಿ. ಹಾಗಾಗಿ ಇಳಿಜಾರಿನಲ್ಲಿ ನಮಗೇ ಗೊತ್ತಿಲ್ಲದೆ ಹಿಂದಕ್ಕೆ ಕೂರುತ್ತೇವೆ, ಸ್ಕೀಯ ಮೂತಿ ಹಗುರಾಗಿ ಹಿಡಿತ ತಪ್ಪುತ್ತದೆ. ಬೂಟಿನ ಜಾಗ ಮುಂದೆ ಸರಿಸಿ ಎಂದು ಅಮೆರಿಕದ ಸ್ಕೀ ತಜ್ಞೆ ಜೀನಿ ಥೋರೆನ್ ವರ್ಷಗಟ್ಟಲೆ ಹೇಳುತ್ತಾ ಬಂದರು. ಹಾಗಂತ ಇದು ಎಲ್ಲರಿಗೂ ಕಡ್ಡಾಯವಲ್ಲ. ಎತ್ತರ, ತೂಕ, ಬಲ ಇರುವ ಹುಡುಗಿಗೆ ಗಂಡಸರ ಸ್ಕೀಯೇ ಒಗ್ಗಬಹುದು.

ಉದ್ದ ನೋಡಲು ಸ್ಕೀ ಪಕ್ಕದಲ್ಲಿ ನಿಲ್ಲಿ. ಮೊದಲ ಸಲ ಕಲಿಯುವವರಿಗೆ ಗದ್ದದಿಂದ ಮೂಗಿನವರೆಗೆ ಬಂದರೆ ಸಾಕು. ತಿರುವು ಸಲೀಸಾದವರಿಗೆ ಹಣೆಯವರೆಗೆ. ವೇಗ ಇಷ್ಟಪಡುವವರಿಗೆ ತಲೆ ಮಟ್ಟ, ಅದಕ್ಕೂ ಮೇಲೆ. ಎತ್ತರಕ್ಕೆ ಹೋಲಿಸಿದರೆ ತೂಕ ಕಡಿಮೆ ಇದ್ದರೆ ಇನ್ನೂ ಸ್ವಲ್ಪ ಗಿಡ್ಡದು ತೆಗೆದುಕೊಳ್ಳಿ.

ಸ್ಕೀ ಮೇಲಿನ ಅಂಕಿ ಓದಿ

121-74-104, ಆರ್ 13 ಎಂಬಂಥ ಬರಹ ಇರುತ್ತದೆ. ಮೂರು ಅಂಕಿಗಳು ಮೂತಿ, ನಡು, ಬಾಲದ ಅಗಲ, ಮಿಲಿಮೀಟರ್‌ನಲ್ಲಿ. ನಡುವಿನದೇ ಮುಖ್ಯ. ಹಿಮ ಒತ್ತಿ ಹದ ಮಾಡಿದ ಕಲಿಕೆಯ ಇಳಿಜಾರಿಗೆ 70ರಿಂದ 80 ಚೆಂದ, ಬೇಗ ಅಂಚು ಬದಲಿಸುತ್ತದೆ. ಗುಲ್ಮಾರ್ಗ್‌ನ ಮೇಲೆ ಅಫರ್‌ವಟ್ ಶಿಖರದ ಕಡೆಯ ಪುಡಿ ಹಿಮಕ್ಕೆ 95ರಿಂದ 100 ದಾಟಿದ ಅಗಲ ಬೇಕು, ಇಲ್ಲದಿದ್ದರೆ ಹುಗಿಯುತ್ತದೆ. ಅದು ಚೆನ್ನಾಗಿ ಕಲಿತವರ ಜಾಗ. ಆರ್ ಪಕ್ಕದ ಅಂಕಿ ತಿರುವಿನ ತ್ರಿಜ್ಯ, ಮೀಟರ್‌ನಲ್ಲಿ. 11ರಿಂದ 14 ಇದ್ದರೆ ಸಣ್ಣ ತಿರುವು ಸುಲಭ.

ಒಂದು ಮಾತು: ಕೊಡಗಿನ ಸ್ಕೀ ಆಟಗಾರ್ತಿ ಭವಾನಿ ತೆಕ್ಕಡ ನಂಜುಂಡ ಅವರ ಆಟ ಕ್ರಾಸ್ ಕಂಟ್ರಿ, ಅಂದರೆ ಹಿಮದ ಮೇಲೆ ದೂರ ಸಾಗುವುದು. ಆ ಸ್ಕೀ ಸಪೂರ, ಹಿಮ್ಮಡಿ ಬಿಟ್ಟಿರುತ್ತದೆ. ನಾನು ಹೇಳುತ್ತಿರುವುದು ಹಿಮ್ಮಡಿ ಕಟ್ಟಿಕೊಂಡು ಗುಡ್ಡ ಇಳಿಯುವ ಆಲ್ಪೈನ್ ಸ್ಕೀ.

ಬೈಂಡಿಂಗ್ ವಿಷಯದಲ್ಲಿ ಸಂಕೋಚ ಬೇಡ

ಬೂಟನ್ನು ಸ್ಕೀಗೆ ಕಚ್ಚಿಸುವ ಭಾಗ ಬೈಂಡಿಂಗ್. ಬಿದ್ದಾಗ ಅದು ಬಿಟ್ಟುಕೊಳ್ಳಬೇಕು. ಎಷ್ಟು ಬಲಕ್ಕೆ ಬಿಡಬೇಕೆಂಬುದನ್ನು ಅದರ ಕಿಟಕಿಯಲ್ಲಿ ಕಾಣುವ ಅಂಕಿ ಹೇಳುತ್ತದೆ. ನಿಮಗಿಂತ ಮುಂಚೆ ಆ ಜೋಡಿ ಹಾಕಿದ್ದವರು 85 ಕೆ.ಜಿ. ಇದ್ದರೆ? ಅದೇ ಅಂಕಿಯಲ್ಲಿ ನೀವು ಬಿದ್ದರೆ ಅದು ಬಿಡದೆ ಮೊಣಕಾಲು ತಿರುಚುತ್ತದೆ. ಸ್ಕೀಯಿಂಗ್‌ನಲ್ಲಿ ಮೊಣಕಾಲಿನ ಎಸಿಎಲ್ ಎಂಬ ಕಟ್ಟುನಾರು ಹರಿಯುವುದು ಗಂಡಸರಿಗಿಂತ ಹೆಂಗಸರಿಗೇ ಜಾಸ್ತಿ. ನಿಮ್ಮ ತೂಕ, ಎತ್ತರ, ವಯಸ್ಸು, ಬೂಟಿನ ತಳದ ಉದ್ದ, ಎಷ್ಟು ಕಲಿತಿದ್ದೀರಿ, ಇಷ್ಟನ್ನೂ ಹೇಳಿ ನಿಮ್ಮ ಎದುರೇ ಹೊಂದಿಸಲು ಹೇಳಿ. ಸಾಲು ಎಷ್ಟೇ ಉದ್ದ ಇರಲಿ, ಅಂಗಡಿಯವರು ಗದರಲಿ, ಹೊಂದಿಸುವವರೆಗೆ ಕದಲಬೇಡಿ. ಬಲ ಕಾಲು, ಎಡ ಕಾಲು ಎರಡರ ಅಂಕಿಯನ್ನೂ ನೋಡಿ.

ಕೊನೆಗೆ ಉಗುರನ್ನು ಉಕ್ಕಿನ ಅಂಚಿಗೆ ಅಡ್ಡಲಾಗಿ ಎಳೆಯಿರಿ. ಉಗುರಿನ ಪುಡಿ ಉದುರಿದರೆ ಅಂಚು ಹರಿತ. ತಳ ಬೆಳ್ಳಗೆ ಒಣಗಿದಂತಿದ್ದರೆ ಮೇಣ ಹಚ್ಚಿಸಿ.

ಕೊಳ್ಳುವುದಾದರೆ

ಮೂರು ಸಲ ಹೋಗಿ ಬರುವವರೆಗೆ ಸ್ಕೀ ಕೊಳ್ಳಬೇಡಿ. ಕಲಿತಂತೆ ಉದ್ದ, ಅಗಲ ಎರಡೂ ಬದಲಾಗುತ್ತವೆ. ದುಡ್ಡಿದ್ದರೆ ಬೂಟು ಕೊಳ್ಳಿ, ಅದು ನಿಮ್ಮ ಕಾಲಿಗೆ ಒಗ್ಗುತ್ತಾ ಹೋಗುತ್ತದೆ. ಆದರೆ ನಮ್ಮ ಧಾರವಾಡದ ಜಿಟಿಜಿಟಿ ಮಳೆಗೆ ಅಟ್ಟದಲ್ಲಿಟ್ಟ ಬೂಟಿಗೆ ಬೂಸು ಬರುತ್ತದೆ. ಒಳಗಿನ ಮೆತ್ತೆಯನ್ನು ಹೊರತೆಗೆದು ಫ್ಯಾನ್ ಗಾಳಿಗೆ ಒಣಗಿಸಿ, ಮತ್ತೆ ಸೇರಿಸಿ, ಬಕಲ್‌ಗಳನ್ನು ಸಡಿಲವಾಗಿ ಹಾಕಿಡಿ. ಹಾಗಿಟ್ಟರೆ ಚಿಪ್ಪಿನ ಆಕಾರ ಕೆಡುವುದಿಲ್ಲ.